ಮೇಲಿನೋರ ಉಪ್ಪುಸೊಪ್ಪು

ಉಕ್ಕಿನ ಯಾರ್ಡಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ‘ಮೇಲಿನೋರು’ ಎಂದು. ದೊಡ್ಡ ಕ್ರೇನಿನ ಗಾಜಿನ ಗೂಡಿನಲ್ಲಿ ಕೂತು, ಕೆಳಗೆ ನಿಂತವರ ಕೈಸನ್ನೆ ನೋಡಿಕೊಂಡು, ಲಾರಿಯಷ್ಟುದ್ದದ ತೊಲೆಗಳನ್ನು ಎತ್ತಿ ಇಳಿಸುವ ಕೆಲಸ ಅವರದು. ನಿದ್ದೆ ಹೋದ ಮಗುವನ್ನು ಹಾಸಿಗೆಗೆ ಹಾಕಿದ ಹಾಗೆ ಇಳಿಸುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದರು, ಕೇಳಿದವರಿಗೂ ಕೇಳದವರಿಗೂ. ಸುಳ್ಳೇನಲ್ಲ ಬಿಡಿ. ಅವರು ಇಳಿಸಿದ ತೊಲೆಯ ಸದ್ದು ಪಕ್ಕದಲ್ಲಿ ನಿಂತವನಿಗೂ ಕೇಳಿಸುತ್ತಿರಲಿಲ್ಲ.

ಅಂಥವರಿಗೆ ಒಂದು ಬೆಳಿಗ್ಗೆ ಏಣಿಯ ನಟ್ಟನಡುವೆ ತಲೆ ಗಿರ್ರೆಂದಿತು. ಹೇಗೋ ಕಂಬಿ ತಬ್ಬಿಕೊಂಡು ಇಳಿದರು. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಮುಳ್ಳನ್ನು ನೋಡಿ ಹುಬ್ಬೇರಿಸಿದರು. “ಬಿಪಿ ಇಳಿಯೋವರೆಗೂ ಏಣಿ ಹತ್ತೋ ಹಾಗಿಲ್ಲ. ಉಪ್ಪಂತೂ ಮುಟ್ಟಲೇಬಾರದು” ಎಂದುಬಿಟ್ಟರು. ಯಾರ್ಡಿನವರು ಮೇಲಿನೋರನ್ನು ಗೇಟಿನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ಬರುವ ಲಾರಿಗಳ ನಂಬರು ಕೂಗುವ ಕೆಲಸ ಕೊಟ್ಟರು. ಹೆಸರು ಮಾತ್ರ ಅದೇ ಉಳಿಯಿತು. “ಏನ್ ಮೇಲಿನೋರೇ, ಕೆಳಗೆ ಗಾಳಿ ಹೇಗಿದೆ?” ಎಂದು ಡ್ರೈವರುಗಳು ಕೇಳುವಾಗ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಮತ್ತೆ ಆ ಗೂಡಿಗೆ ಹತ್ತಬೇಕು, ಅಷ್ಟೇ. ಬದುಕಿನಲ್ಲಿ ಬೇರೇನೂ ಬೇಡ ಎನ್ನುವ ಮಟ್ಟಕ್ಕೆ ಬಂದರು.

ಬೇರೇನೂ ಬೇಡ ಎಂದರೆ, ಉಪ್ಪೊಂದು ಬಿಟ್ಟು.

ಮನೆಯಲ್ಲಿ ಹೆಂಡತಿ ಉಪ್ಪಿನ ಡಬ್ಬಿಯನ್ನೇ ಮನೆಯಿಂದಾಚೆ ಹಾಕಿದ್ದಳು. ಬಟ್ಟೆ ಅಂಗಡಿಯೊಂದರಲ್ಲಿ ಮಧ್ಯಾಹ್ನದ ಪಾಳಿಯ ಕೆಲಸ ಆಕೆಗೆ, ಸಂಜೆಯ ಹೊತ್ತಿಗೆ ಮನೆಗೆ ವಾಪಸ್. ಬೆಳಗಿನ ಹೊತ್ತೆಲ್ಲ ಮನೆ ಆಕೆಯ ಕೈಯಲ್ಲಿ. ಬೇಯಿಸಿದ ಸೋರೆಕಾಯಿ, ಬೇಯಿಸಿದ ಬೇಳೆ, ಬೇಯಿಸಿದ ಇನ್ನೊಂದು ಸೋರೆಕಾಯಿ. ಎದುರಿಗೆ ಕೂತು ತಾನೂ ಅದನ್ನೇ ಉಣ್ಣುತ್ತಿದ್ದಳು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದ ಹಾಗೆ. ಮದುವೆಯಾದ ಹೊಸದರಲ್ಲಿ ಮೇಲಿನೋರು ಕ್ರೇನಿನ ಕೈಸನ್ನೆಗಳನ್ನೆಲ್ಲ ಆಕೆಗೆ ಕಲಿಸಿದ್ದರು, ತಮಾಷೆಗೆ. ಈಗ ಅದು ಅವರಿಗೇ ತಿರುಗಿ ಕುತ್ತಿಗೆಗೆ ಬಂದಿತ್ತು. ನೆಂಟರ ಮನೆಯ ಊಟದಲ್ಲಿ ಅವರ ಕೈ ಉಪ್ಪಿನ ಬಟ್ಟಲಿನ ಕಡೆ ಸರಿದರೆ ಸಾಕು, ಆಚೆ ತುದಿಯಿಂದ ಆಕೆಯ ಮುಷ್ಟಿ ಮೇಲೇಳುತ್ತಿತ್ತು. ನಿಲ್ಲಿಸು ಎಂದರ್ಥ. ಎಷ್ಟೋ ವರ್ಷದ ಅಭ್ಯಾಸ ನೋಡಿ, ಮುಷ್ಟಿ ಕಂಡೊಡನೆ ಅವರ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು.

ದಿನಾ ನಡೆಯಬೇಕು ಎಂದೂ ಡಾಕ್ಟರಮ್ಮ ಹೇಳಿದ್ದರು, ಮೇಲಿನೋರು ನಡೆಯುತ್ತಿದ್ದರು. ಎಲ್ಲಿಯವರೆಗೆ? ಮೀನಂಗಡಿಯಲ್ಲಿ ಕುರ್ಚಿ ಸಿಗುವವರೆಗೆ. ಅದು ತಿನ್ನುವ ಮೀನಿನ ಅಂಗಡಿಯಲ್ಲ, ಗಾಜಿನ ತೊಟ್ಟಿಯಲ್ಲಿಟ್ಟು ನೋಡುವ ಮೀನಿನದು. ಅಂಗಡಿಯವನು ದಪ್ಪ ಕನ್ನಡಕದ ಮಾತುಗಾರ. ಒಂದು ಸಂಜೆ ಅವನು ಮೂಲೆಯ ತೊಟ್ಟಿಯೊಂದನ್ನು ತೋರಿಸಿದ. ಕೆಳಗೆ ಉಪ್ಪುನೀರು, ಅದರಲ್ಲಿ ಬೆಳ್ಳಿ ಬಣ್ಣದ ಮೀನು. ಮೇಲೆ ಜಲ್ಲಿಕಲ್ಲು ತುಂಬಿದ ಟ್ರೇ, ಅದರಲ್ಲಿ ದಪ್ಪ ದಪ್ಪ ಎಲೆಯ ಸೊಪ್ಪು. “ಮೀನಿನ ಹೊಲಸೇ ಸೊಪ್ಪಿಗೆ ಗೊಬ್ಬರ. ಸೊಪ್ಪು ಹೊಲಸನ್ನ ಹೀರ್ಕೊಂಡು ನೀರನ್ನ ಚೊಕ್ಕ ಮಾಡಿ ವಾಪಸ್ ಕಳಿಸುತ್ತೆ. ಕಡಲ ದಂಡೆ ಸೊಪ್ಪು ಸಾರ್ ಇದು, ತಿನ್ನಬಹುದು, ಬಾಯಿಗೆ ಹಾಕ್ಕೊಳ್ಳಿ” ಎಂದ.

ಮೇಲಿನೋರು ಒಂದು ಎಲೆ ಬಾಯಿಗಿಟ್ಟು ಕಚ್ಚಿದರು. ಕರುಂ ಎಂದಿತು. ಆಮೇಲೆ ನಾಲಿಗೆಯ ಮೇಲೆ ಹರಿದದ್ದು ಉಪ್ಪು. ಅಪ್ಪಟ ಉಪ್ಪು! ಅವರು ಕಣ್ಣು ಮುಚ್ಚಿ ಹಾಗೇ ನಿಂತುಬಿಟ್ಟರು. ಅಂಗಡಿಯವನು ಗಾಬರಿಯಾಗಿ ಕುರ್ಚಿ ಎಳೆದುಕೊಟ್ಟ.

ಮನೆಗೆ ಹೋಗುವ ದಾರಿಯಲ್ಲೇ ಅವರ ವಾದ ತಯಾರಾಗಿತ್ತು. ಡಾಕ್ಟರಮ್ಮ ಬೇಡವೆಂದದ್ದು ಉಪ್ಪನ್ನು. ಇದು ಸೊಪ್ಪು. ಸೊಪ್ಪು ತಿನ್ನಿ ಎಂದು ಡಾಕ್ಟರಮ್ಮನೇ ಬಾಯಿಬಿಟ್ಟು ಹೇಳಿದ್ದಾರೆ. ಇದರಲ್ಲಿ ತಪ್ಪೆಲ್ಲಿದೆ? ತಪ್ಪಿಲ್ಲ ಎಂದ ಮೇಲೆ ಹೆಂಡತಿಗೆ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆ ಪ್ರಶ್ನೆಯನ್ನು ಅವರು ತಮಗೆ ತಾವೇ ಕೇಳಿಕೊಳ್ಳದಷ್ಟು ಬುದ್ಧಿವಂತರು.

ಹೆಂಡತಿಗೆ ಹೇಳಿದ್ದು ಬೇರೆ ಕತೆ. “ಮೀನು ನೋಡ್ತಾ ಕೂತ್ರೆ ಬಿಪಿ ಇಳಿಯುತ್ತಂತೆ ಕಣೇ.”

“ಇಷ್ಟು ದಿನ ಮೀನಿನ ಕಡೆ ತಿರುಗಿ ನೋಡಿದವರಲ್ಲ ನೀವು.”

“ಅದಕ್ಕೇ ಇಳಿದಿಲ್ಲ.”

ಆಕೆ ಡಾಕ್ಟರಮ್ಮನಿಗೆ ಫೋನ್ ಮಾಡಿ ವಿಚಾರಿಸಿದಳು. ಹೌದು, ಮನಸ್ಸಿಗೆ ಒಳ್ಳೆಯದೇ ಎಂದುಬಿಟ್ಟರು ಆ ಪುಣ್ಯಾತ್ಗಿತ್ತಿ. ಮೇಲಿನೋರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮೂರನೇ ಮಹಡಿಯ ಬಾಲ್ಕನಿಗೆ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಏರಿಸಿದ್ದೇ ಒಂದು ಜಾತ್ರೆ. ಮೆಟ್ಟಿಲ ತಿರುವಿನಲ್ಲಿ ಅದು ಹಿಡಿಸಲಿಲ್ಲ. ಸರಿ, ಹಗ್ಗ ಕಟ್ಟಿ ಹೊರಗಿನಿಂದ ಎಳೆಯೋಣ ಎಂದರು ಮೇಲಿನೋರು. ಬಾಲ್ಕನಿಯಲ್ಲಿ ತಾವು ಹಗ್ಗ ಹಿಡಿದು, ರಸ್ತೆಯಲ್ಲಿ ಸನ್ನೆ ಮಾಡಲು ಹೆಂಡತಿಯನ್ನು ನಿಲ್ಲಿಸಿದರು. ತೋರುಬೆರಳು ಮೇಲೆತ್ತಿ ಸುತ್ತಿಸಿದರೆ: ಎತ್ತು. ಅಂಗೈ ಕೆಳಕ್ಕೆ: ಇಳಿಸು. ಡ್ರಮ್ಮು ಎರಡನೇ ಮಹಡಿಯ ಟೈಲರನ ಕಿಟಕಿಯೆದುರು ಬಂದಾಗ, ಅವನು ಏನಿದು ಎಂದು ತಲೆ ಹೊರಹಾಕಿದ. ಆಕೆ ಥಟ್ಟನೆ ಮುಷ್ಟಿ ಬಿಗಿದಳು. ಡ್ರಮ್ಮು ಅವನ ಮೂಗಿನ ಮುಂದೆ ನಿಂತಿತು. “ಒಳಗೆ ಹೋಗಪ್ಪಾ” ಎಂದಳು. ಅವನು ಹೋದ, ಡ್ರಮ್ಮು ಏರಿತು. ಎಷ್ಟೋ ತಿಂಗಳ ಮೇಲೆ ಮೇಲಿನೋರು ಅಂದು ಮೇಲಿನಿಂದ ಕೆಳಗೆ ನೋಡಿ ನಕ್ಕರು.

ಡ್ರಮ್ಮಿನ ಮೇಲೆ ಟ್ರೇ ಕೂರಿಸಿ, ಪಂಪು ಇಳಿಬಿಟ್ಟು, ಟ್ರೇ ತುಂಬಿದೊಡನೆ ನೀರು ತಾನಾಗಿ ಗಳಗಳನೆ ಕೆಳಗಿಳಿಯುವ ಹಾಗೆ ಕೊಳವೆ ಜೋಡಿಸಿದರು. ಉಕ್ಕಿನ ಯಾರ್ಡಿನ ಮನುಷ್ಯ, ಪ್ಲಾಸ್ಟಿಕ್ಕನ್ನು ನಂಬಿಯಾರೆ? ಎಲ್ಲ ಕಡೆ ಕಬ್ಬಿಣದ ಕ್ಲಾಂಪೇ ಹಾಕಿದರು. ವಾರ ಕಳೆಯುವುದರೊಳಗೆ ಉಪ್ಪುನೀರು ಕ್ಲಾಂಪುಗಳನ್ನು ತಿಂದು ಟ್ರೇಯೆಲ್ಲ ಕೆಂಪಗಾಯಿತು. ಎಲ್ಲ ಕಿತ್ತು ಹಾಕಿ, ನೀರು ಚೆಲ್ಲಿ, ಮೊದಲಿನಿಂದ ಶುರು. “ಕ್ರೇನಿಗೂ ಹೀಗೇ ಮಾಡ್ತಿದ್ರಾ?” ಎಂದಳು ಹೆಂಡತಿ. ಅದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೀನು ತಂದು ಬಿಡುವ ಹಾಗೂ ಇರಲಿಲ್ಲ. ಹೊಲಸನ್ನು ಗೊಬ್ಬರ ಮಾಡುವ ಕಣ್ಣಿಗೆ ಕಾಣದ ಜೀವಿಗಳು ಮೊದಲು ಜಲ್ಲಿಯಲ್ಲಿ ಮನೆ ಮಾಡಬೇಕು, ಅವಕ್ಕೆ ಉಣ್ಣಲು ಒಂದು ತುಂಡು ಸತ್ತ ಮೀನನ್ನು ನೀರಿಗೆ ಹಾಕಿ ಕಾಯಬೇಕು ಎಂದ ಅಂಗಡಿಯವನು. ಆ ವಾಸನೆ! ಟೈಲರ್ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಲಿಗೆ ಹಾಕಿದ. ಅಳತೆ ಕೊಡಲು ಬಂದವರು ಹೊಸ್ತಿಲಿನಿಂದಲೇ ಅಳತೆ ಕೂಗಿ ಹೋದರು.

ಇನ್ನು ಇದಕ್ಕೆಲ್ಲ ಮುಂಚೆ ಉಪ್ಪಿನ ಚೀಲ ಬಂದ ದಿನದ ಕತೆ ಕೇಳಿ. ಸಮುದ್ರದ ಮೀನಿಗೆಂದೇ ಮಾಡಿದ ಉಪ್ಪು, ತೊಡೆಯೆತ್ತರದ ಚೀಲ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ಇದೇನ್ರೀ?”

“ಮೀನಿನ ಉಪ್ಪು. ಮನುಷ್ಯರು ತಿನ್ನೋದಲ್ಲ.”

“ಮೀನು ನಿಮಗಿಂತ ಪುಣ್ಯ ಮಾಡಿದೆ ಬಿಡಿ” ಎಂದು ಚೀಲವನ್ನು ಸೀರೆಗಳ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೇಕಾದಾಗ ಲೋಟದಲ್ಲಿ ಅಳೆದು ಕೊಡುವುದು, ಅವರು ಅದನ್ನು ಆಕೆಯ ಕಣ್ಣೆದುರೇ ನೀರಿಗೆ ಸುರಿಯುವುದು, ಸುರಿದ ಮೇಲೆ ಕೈ ತೊಳೆದು ತೋರಿಸುವುದು. ಹೀಗಂತ ಕಾನೂನಾಯಿತು. ನೀರಿನ ಉಪ್ಪು ಅಳೆಯಲು ಅಂಗಡಿಯವನು ಒಂದು ಗಾಜಿನ ಕಡ್ಡಿ ಕೊಟ್ಟಿದ್ದ. ಉಪ್ಪು ಹೆಚ್ಚಿದ್ದರೆ ಕಡ್ಡಿ ಮೇಲೆ ತೇಲುತ್ತದೆ, ಕಡಿಮೆಯಾದರೆ ಮುಳುಗುತ್ತದೆ. ಬಿಸಿಲಿಗೆ ನೀರು ಆರಿದಾಗ ಮಾತ್ರ ಬರೀ ಸಿಹಿನೀರು ಹಾಕಬೇಕು, ಏಕೆಂದರೆ ಆರುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಬೆಳಗಿನಲ್ಲಿ ತಾವು ಇರುವುದಿಲ್ಲವಲ್ಲ, ನೀರು ಹಾಕುವ ಆ ಕೆಲಸವನ್ನು ಅವರು ಹೆಂಡತಿಗೇ ಕಲಿಸಿದರು. ಎಂಥ ಬೆಪ್ಪುತನ ಮಾಡಿದೆ ಎಂದು ಆಗ ಅವರಿಗೆ ಹೊಳೆಯಲಿಲ್ಲ.

ಕೊನೆಗೆ ಅಂಗಡಿಯವನ ಬೆಳ್ಳಿ ಮೀನುಗಳೂ ಡ್ರಮ್ಮಿಗೆ ಬಂದವು, ಟ್ರೇಯಲ್ಲಿ ನೆಟ್ಟ ಸೊಪ್ಪು ಚಿಗುರಿತು. ಮೇಲಿನೋರು ಕೆಲಸದಿಂದ ಬಂದೊಡನೆ ಬಾಲ್ಕನಿ ಸೇರುತ್ತಿದ್ದರು. ಮೀನಿನ ಕಡೆ ಬಗ್ಗಿ, ರಸ್ತೆಯ ಕಡೆ ನೋಡಿ, ಗೋಡೆ ಬದಿಯ ಗಿಡದಿಂದ ಒಂದೆಲೆ, ಇನ್ನೊಂದೆಲೆ. ಊಟಕ್ಕೆ ಮುಂಚೆ ಎರಡು ಎಲೆ ದವಡೆಗೆ ಒತ್ತರಿಸಿಕೊಂಡು ಬಂದು ಕೂತರೆ ಸೋರೆಕಾಯಿಗೂ ಜೀವ ಬರುತ್ತಿತ್ತು. “ಇವತ್ತು ಅಡುಗೆ ಚೆನ್ನಾಗಿದೆ” ಎಂದು ಹೊಗಳಿಯೂಬಿಡುತ್ತಿದ್ದರು, ಕಳ್ಳ!

ಆದರೆ ಡಾಕ್ಟರಮ್ಮನ ಮುಳ್ಳು ಹೊಗಳಿಕೆಗೆ ಮರುಳಾಗುವಂಥದ್ದಲ್ಲ. ಮುಂದಿನ ಸಲ ಹೋದಾಗ ಬಿಪಿ ಇಳಿದಿರಲಿಲ್ಲ, ಮೇಲೇರಿತ್ತು. “ಉಪ್ಪು ಎಲ್ಲಿಂದಲೋ ಹೋಗ್ತಾ ಇದೆ” ಎಂದರು ಡಾಕ್ಟರಮ್ಮ. “ನಾನೇ ಅಡುಗೆ ಮಾಡೋದು ಡಾಕ್ಟರೇ, ಚಿಟಿಕೆನೂ ಹಾಕಲ್ಲ” ಎನ್ನುವಾಗ ಹೆಂಡತಿಯ ದನಿ ನಡುಗುತ್ತಿತ್ತು, ತಪ್ಪು ತನ್ನದೇ ಎಂಬಂತೆ. ಅದೇ ವಾರ ಯಾರ್ಡಿನ ಮ್ಯಾನೇಜರೂ ಕರೆದು ಹೇಳಿದರು: ಇನ್ನೊಂದು ಸಲ ನೋಡುತ್ತೇವೆ, ಆಗಲೂ ಡಾಕ್ಟರು ಒಪ್ಪದಿದ್ದರೆ ಕ್ರೇನನ್ನು ಬೇರೆಯವರಿಗೆ ಖಾಯಂ ಮಾಡುತ್ತೇವೆ.

ಅಂದು ಮೇಲಿನೋರಿಗೆ ನಿಜಕ್ಕೂ ಹೆದರಿಕೆಯಾಯಿತು. ನಾಚಿಕೆಯೂ ಆಯಿತು. ಇನ್ನು ಒಂದೆಲೆ ಮುಟ್ಟಿದರೆ ಕೇಳಿ ಎಂದು ತಮಗೆ ತಾವೇ ಆಣೆ ಹಾಕಿಕೊಂಡರು. ಆಣೆ ಮರುದಿನದ ಸಂಜೆಯವರೆಗೆ ಗಟ್ಟಿಯಾಗಿತ್ತು. ಆಮೇಲೆ ಒಂದೇ ಒಂದು ಎಲೆ ಎಂದು ಸುರುವಾಗಿ, ಮತ್ತೆ ಅದೇ ಹಾಡು.

ಆದರೆ ಬರಬರುತ್ತ ಏನೋ ಎಡವಟ್ಟಾಯಿತು. ಸೊಪ್ಪಿನ ಗಮ್ಮತ್ತು ಕಡಿಮೆಯಾಗತೊಡಗಿತು. ಮೊದಲು ನಾಲಿಗೆಯೇನೋ ಕೆಟ್ಟಿದೆ ಎಂದುಕೊಂಡರು. ಆಮೇಲೆ ಎಲೆ ಪೂರಾ ನೀರುನೀರಾಯಿತು. ಯಾರಿಗೆ ದೂರು ಕೊಡುವುದು? “ಏನೇ, ಸೊಪ್ಪು ಸಪ್ಪೆಯಾಗಿದೆ” ಎಂದರೆ “ನಿಮಗೆ ಹೇಗೆ ಗೊತ್ತು?” ಎಂಬ ಮಾತು ಬರುತ್ತದೆ. ಬಾಯಿಗೆ ಬೀಗ ಹಾಕಿಕೊಂಡು ಒಳಗೊಳಗೇ ಕುದಿದರು. ಅಂಗಡಿಯವನ ಮೇಲೆ ಹರಿಹಾಯ್ದರು.

“ಕಲಬೆರಕೆ ಉಪ್ಪು ಕೊಟ್ಟಿದ್ದೀಯ!”

“ಸಾರ್, ಕಡ್ಡಿ ಬಿಟ್ಟು ನೋಡಿದ್ರಾ?”

ನೋಡಿರಲಿಲ್ಲ. ಮನೆಗೆ ಬಂದು ನೋಡಿದರೆ ಕಡ್ಡಿ ಕತ್ತಿನ ಮಟ್ಟ ಮುಳುಗಿತು. ಮೀನುಗಳಿಗೇನೂ ಬೇಜಾರಿರಲಿಲ್ಲ, ಉಪ್ಪುನೀರಿಗೂ ಸೈ ಸಿಹಿನೀರಿಗೂ ಸೈ ಎನ್ನುವ ಜಾತಿ ಅದು. ಬೇಜಾರೆಲ್ಲ ಮೇಲಿನೋರಿಗೆ. ಹೆಂಡತಿಯ ಹತ್ತಿರ ಇನ್ನೊಂದು ಲೋಟ ಉಪ್ಪು ಕೇಳಿದರು. ಆಕೆ ಬೀರು ತೆಗೆದು ಅಳೆದು ಕೊಟ್ಟಳು. ಸುರಿದರು, ಕೈ ತೊಳೆದು ತೋರಿಸಿದರು. ಕಡ್ಡಿ ಒಂದಿಷ್ಟು ಮೇಲೆದ್ದಿತು. ಕೆಲವೇ ದಿನಕ್ಕೆ ಮತ್ತೆ ಮುಳುಗಿತು. ಡ್ರಮ್ಮು ಸೋರುತ್ತಿದೆಯೇ ಎಂದು ಅಡಿಗೆ ಹಳೇ ಪೇಪರು ಹಾಸಿದರು, ಒಣಗಿಯೇ ಇತ್ತು. ಕೆಳಗಿಳಿದು ಟೈಲರನನ್ನು ಕೇಳಿದರು.

“ನಿಮ್ಮ ಸೂರಿಂದ ನೀರು ತೊಟ್ಟಿಕ್ಕುತ್ತಾ?”

“ಇಷ್ಟು ದಿನ ವಾಸನೆ, ಈಗ ನೀರು ಬೇರೆ ಕಳಿಸ್ತೀರಾ?” ಎಂದು ಅವನು ಕತ್ತರಿ ಹಿಡಿದುಕೊಂಡೇ ಎದ್ದ.

ಹೀಗೆ ಉಪ್ಪು ಎಲ್ಲಿ ಮಾಯವಾಗುತ್ತಿದೆ ಎಂದು ತಲೆಗೆ ಹುಳ ಬಿಟ್ಟುಕೊಂಡಿರುವಾಗಲೇ ಡಾಕ್ಟರಮ್ಮನ ಕೊನೆಯ ಪರೀಕ್ಷೆಯ ದಿನ ಬಂತು. ಪಟ್ಟಿ ಸುತ್ತುವಾಗ ಮೇಲಿನೋರು ಮನಸ್ಸಿನಲ್ಲೇ ಕ್ರೇನಿಗೆ ಕೈಮುಗಿದು ಬೀಳ್ಕೊಟ್ಟರು. ಡಾಕ್ಟರಮ್ಮ ಒಮ್ಮೆ ನೋಡಿದರು. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿ ಮತ್ತೊಮ್ಮೆ ನೋಡಿದರು.

“ಭಲೇ! ಎಷ್ಟು ಚೆನ್ನಾಗಿ ಇಳಿದಿದೆ! ಏಣಿ ಹತ್ತಬಹುದು ನೀವು. ಬಾಯಿ ಕಟ್ಟೋದು ಅಂದ್ರೆ ಸಾಮಾನ್ಯ ಅಲ್ಲ. ನಿಮ್ಮ ಮನೋಬಲಾನ ಮೆಚ್ಚಬೇಕು.”

ಮೇಲಿನೋರು, ಹೇಳಲು ನನಗೇ ನಾಚಿಕೆ, ಎದೆಯುಬ್ಬಿಸಿ “ಮನಸ್ಸು ಗಟ್ಟಿ ಮಾಡಿದ್ರೆ ಏನ್ ಮಹಾ ಡಾಕ್ಟರೇ” ಎಂದುಬಿಟ್ಟರು. ಹೆಂಡತಿ ತಲೆಯೆತ್ತಿ ಸೂರಿನ ಫ್ಯಾನನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಹಜಾರಕ್ಕೆ ಕಾಲಿಟ್ಟರು. ಕಿಟಕಿಯ ಬಿಸಿಲು ನೆಲದ ಮೇಲೆ ಓರೆಯಾಗಿ ಬಿದ್ದಿತ್ತು. ಆ ಬೆಳಕಿನಲ್ಲಿ ಹಾಸುಗಲ್ಲಿನ ಸಂದುಗಳೆಲ್ಲ ಬೆಳ್ಳಗೆ ಕಂಡವು, ಹಿಟ್ಟು ಉದುರಿಸಿದ ಹಾಗೆ. ಬಾಗಿ ಬೆರಳಿನಿಂದ ಸವರಿದರು. ಏನೋ ಅನುಮಾನ ಬಂತು. ಬೆರಳನ್ನು ನಾಲಿಗೆಗೆ ಮುಟ್ಟಿಸಿದರು.

ಉಪ್ಪು!

ಅಷ್ಟರಲ್ಲಿ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಾಲ್ಕನಿಯಿಂದ ಬಕೆಟ್ಟು ಹಿಡಿದು ಬಂದಳು. ಬಕೆಟ್ಟಿನ ತುಂಬ ಡ್ರಮ್ಮಿನ ನೀರು, ಅದರಲ್ಲಿ ಅದ್ದಿದ ನೆಲ ಒರೆಸುವ ಬಟ್ಟೆ. ಬಾಲ್ಕನಿಯಲ್ಲಿ, ಡ್ರಮ್ಮಿಗೆ ಸುರಿಯಲು ಹಿಂದಿನ ದಿನವೇ ಹಿಡಿದಿಟ್ಟ ನಲ್ಲಿ ನೀರಿನ ಇನ್ನೊಂದು ಬಕೆಟ್ಟು. ಗಂಡ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಬೆರಳು ಚೀಪುತ್ತಿರುವುದನ್ನು ಕಂಡು ಆಕೆ ಅಲ್ಲೇ ನಿಂತಳು.

“ನೆಲಾನೂ ಬಿಡಲ್ವಾ?” ಎಂದಳು.

“ಉಪ್ಪುನೀರು ತೆಗೆದು ಸಪ್ಪೆ ನೀರು ತುಂಬಿಸ್ತಿದ್ದೀಯಾ!” ಮೇಲಿನೋರ ದನಿ ಕೀರಲಾಯಿತು. “ಮೀನಿಗೂ ಪಥ್ಯ ಹಾಕಿದ್ಯೇನೇ?”

“ಮೀನಿಗೆ ಹಾಕಿದ್ರೆ ತಾನೇ ಸೊಪ್ಪಿಗೆ ಮುಟ್ಟೋದು? ಸೊಪ್ಪಿಗೆ ಮುಟ್ಟಿದ್ರೆ ತಾನೇ…” ಉಳಿದದ್ದನ್ನು ಆಕೆ ಬಾಯಲ್ಲಿ ಹೇಳಲಿಲ್ಲ. ಅಂಗೈಯನ್ನು ಕೆಳಕ್ಕೆ ಮಾಡಿ ಅವರ ಹೊಟ್ಟೆಯ ಕಡೆಗೆ ನಿಧಾನವಾಗಿ ಇಳಿಸಿ ತೋರಿಸಿದಳು.

ಮೇಲಿನೋರಿಗೆ ಒಂದೊಂದೇ ಅರ್ಥವಾಗುತ್ತ ಬಂತು. ಸಪ್ಪೆಯಾದ ಸೊಪ್ಪು, ಮುಳುಗಿದ ಕಡ್ಡಿ, ಇಳಿದ ಮುಳ್ಳು. ತಮ್ಮ ಮನೋಬಲ!

“ಯಾವಾಗ ಗೊತ್ತಾಯ್ತು ನಿನಗೆ?”

“ನೀವು ಸೊಪ್ಪು ತಿನ್ನೋದಾ? ಶುರುವಿನಿಂದ್ಲೇ. ಕೀಳೋವಾಗ ಸಿಳ್ಳೆ ಹಾಕ್ತೀರಲ್ಲ.”

“ನಾನಾ? ಸಿಳ್ಳೆನಾ?”

“ಅಡುಗೆಮನೆವರೆಗೂ ಕೇಳಿಸುತ್ತೆ. ಸೊಪ್ಪು ತಾನೇ, ತಿನ್ನಲಿ ಅಂತ ಸುಮ್ಮನಿದ್ದೆ. ಬಿಪಿ ಏರಿದೆ ಅಂದ್ರಲ್ಲ, ಅವತ್ತು ಬಂದು ಒಂದೆಲೆ ಕಚ್ಚಿ ನೋಡಿದೆ. ಎದೆ ಧಸಕ್ ಅಂತು. ನಾನು ಇಲ್ಲಿ ಒಂದೊಂದು ತುತ್ತೂ ಸಪ್ಪೆ ತಿಂದು ಸಾಯ್ತಿದ್ರೆ, ಇವರು ಅಲ್ಲಿ…” ಆಕೆಯ ಕಣ್ಣು ತುಂಬಿತು. ಸಿಟ್ಟೋ ಅಳುವೋ, ಎರಡೂ ಇತ್ತು.

ಮೇಲಿನೋರಿಗೆ ತಲೆ ಎತ್ತಲಾಗಲಿಲ್ಲ. ಇಷ್ಟು ದಿನ ಆಕೆಯೂ ಉಪ್ಪಿಲ್ಲದೆ ಉಂಡದ್ದನ್ನು ಅವರು ದಿನಾ ಕಣ್ಣಾರೆ ನೋಡಿದ್ದರು, ಒಮ್ಮೆಯೂ ಯೋಚಿಸಿರಲಿಲ್ಲ.

“ಅವತ್ತೇ ಗಿಡ ಕಿತ್ತು ಬಿಸಾಕಬಾರದಿತ್ತಾ? ನನಗೆ ನಾಲ್ಕು ಬೈಯಬಾರದಿತ್ತಾ?” ಎಂದರು ಮೆಲ್ಲಗೆ.

“ಬಿಸಾಕೋಣ ಅಂತಲೇ ಟ್ರೇಗೆ ಕೈ ಹಾಕಿದ್ದೆ” ಎಂದಳು ಆಕೆ, ಬಕೆಟ್ಟನ್ನು ಕೆಳಗಿಟ್ಟು. “ಕೈ ಬರ್ಲಿಲ್ಲ. ನಿಮ್ಮನ್ನ ಆ ಗೇಟಿನ ಹತ್ತಿರ ಕೂರಿಸಿದ ಮೇಲೆ ಈ ಮನೆಯಲ್ಲಿ ಒಂದು ದಿನಾನೂ ನೀವು ಸಿಳ್ಳೆ ಹಾಕಿರಲಿಲ್ಲ ರೀ. ಉಪ್ಪಾದ್ರೆ ನೀರಿಂದ ತೆಗೀಬಹುದು. ಸಿಳ್ಳೆ ಹೋದ್ರೆ ಎಲ್ಲಿಂದ ತರಲಿ?”

ಅವರು ಬಕೆಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡು, ಬಟ್ಟೆ ಹಿಂಡಿ, ಮಂಡಿಯೂರಿ ನೆಲ ಒರೆಸತೊಡಗಿದರು. ಆಕೆ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು. ಪಾತ್ರೆಯ ಸದ್ದು ಕೇಳಿಸಿತು, ಸೋರೆಕಾಯಿ ಹೆಚ್ಚುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಒಳಗಿಂದ ದನಿ ಬಂತು:

“ಏನ್ರೀ, ಸದ್ದೇ ಇಲ್ಲವಲ್ಲ?”

ಮೇಲಿನೋರು ತುಟಿ ಮುಂದೆ ಮಾಡಿ ಊದಿದರು. ತುಟಿ ನಡುಗಿ ಬರೀ ಗಾಳಿ ಬಂತು. ಮತ್ತೊಮ್ಮೆ ಊದಿದರು.

“ಬರ್ತಾ ಇಲ್ಲ ಕಣೇ.”

“ಬರುತ್ತೆ, ಒರೆಸ್ತಾ ಇರಿ” ಎಂದಳು ಆಕೆ.